ಬ್ಯಾಕಪ್ ಪೆಟ್ಟಿಗೆಯಲ್ಲಿ ಏನೇನಿರಬೇಕು?



2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ ಎಣ್ಣೂರಿನವರಿಗೆ ಮರೆಯುವಂಥದ್ದಲ್ಲ. ನೀರಿನ ಜೊತೆ ಎಣ್ಣೆಯೂ ಬಂದಿತ್ತು. ನಾವು ಕಾಗದಪತ್ರದ ಪೆಟ್ಟಿಗೆ ಹೊತ್ತು ಮಹಡಿ ಹತ್ತಿದೆವು. ಅದರ ಬೀಗದ ಕೈ ಕೆಳಗೇ ಉಳಿದಿತ್ತು!

ನನ್ನ ಲ್ಯಾಪ್‌ಟಾಪೂ ನೀರು ಕುಡಿಯಿತು. ಅದರಲ್ಲಿ ಅಮ್ಮನ ಅಡುಗೆ ಪುಸ್ತಕದ ಪುಟಗಳ ಫೋಟೋ ತೆಗೆದು, ಒಂದು ಪುಟ್ಟ ಡೇಟಾಬೇಸ್ ಮಾಡಿಟ್ಟಿದ್ದೆ. 'ಬ್ಯಾಕಪ್ ಇದೆಯಲ್ಲ' ಎಂಬ ಧೈರ್ಯ. ತೆರೆದು ನೋಡಿದರೆ ಅಡುಗೆಗಳ ಹೆಸರು ಬಂದವು, ಫೋಟೋ ಒಂದೂ ಇಲ್ಲ. ಡೇಟಾಬೇಸ್‌ನಲ್ಲಿ ಇದ್ದದ್ದು ಫೋಟೋ ಇರುವ ಜಾಗದ ವಿಳಾಸ ಮಾತ್ರ. ಫೋಟೋಗಳು ಬೇರೆ ಫೋಲ್ಡರ್‌ನಲ್ಲಿದ್ದವು. ಪುಸ್ತಕವೂ ನೆನೆದು ಹೋಗಿತ್ತು. ಅಮ್ಮ ಈಗಿಲ್ಲ. ಎಂ.ಟೆಕ್ ಓದಿದವಳ ಕಥೆ ಇದು!

ಆದ್ದರಿಂದ ನಾಲ್ಕು ಮಾತು ಹೇಳುತ್ತೇನೆ. ಉದಾಹರಣೆಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ತೆಗೆದುಕೊಳ್ಳೋಣ.

ಒಂದು, ಪಿಜಿ-ಡಂಪ್ ಒಂದು ಡೇಟಾಬೇಸ್‌ನ ಕೋಷ್ಟಕಗಳನ್ನು ಕೊಡುತ್ತದೆ. ಬಳಕೆದಾರರ ಖಾತೆಗಳನ್ನು ಕೊಡುವುದಿಲ್ಲ. ಅದಕ್ಕೆ ಪಿಜಿ-ಡಂಪಾಲ್ ಬೇಕು.

ಎರಡು, ಓಡುತ್ತಿರುವ ಡೇಟಾಬೇಸ್‌ನ ಫೈಲುಗಳನ್ನು ಸುಮ್ಮನೆ ನಕಲು ಮಾಡಬಾರದು. ಪಿಜಿ-ಬೇಸ್‌ಬ್ಯಾಕಪ್ ಬಳಸಿ, ಬದಲಾವಣೆಗಳ ದಿನಚರಿಯಾದ 'ವಾಲ್' ಫೈಲುಗಳನ್ನೂ ಸೇರಿಸಬೇಕು. ಹಿಂದೆ ಆ ಫೋಲ್ಡರ್‌ಗೆ 'ಪಿಜಿ-ಎಕ್ಸ್‌ಲಾಗ್' ಎಂಬ ಹೆಸರಿತ್ತು. ಬರೀ ಲಾಗ್ ಎಂದುಕೊಂಡು ಜನ ಅಳಿಸಿಬಿಡುತ್ತಿದ್ದರು! 2017ರಲ್ಲಿ ಬಂದ ಹತ್ತನೇ ಆವೃತ್ತಿಯಲ್ಲಿ ಅದನ್ನು 'ಪಿಜಿ-ವಾಲ್' ಎಂದು ಬದಲಿಸಿದರು.

ಮೂರು, ಡೇಟಾಬೇಸ್‌ನ ಹೊರಗಿರುವವು: ಫೋಟೋ, ಪಿಡಿಎಫ್, ಸೆಟ್ಟಿಂಗ್ ಫೈಲುಗಳು. ಬ್ಯಾಕಪ್‌ಗೆ ಬೀಗ ಹಾಕಿದ್ದರೆ ಅದರ ಕೀಲಿಯೂ ಬೇಕು, ಆದರೆ ಬೇರೆ ಜಾಗದಲ್ಲಿ. ನಮ್ಮ ಪೆಟ್ಟಿಗೆಯನ್ನು ನೆನಪಿಸಿಕೊಳ್ಳಿ.

ನಾಲ್ಕು, ಬಿಡಬೇಕಾದವು: ತಾತ್ಕಾಲಿಕ ಫೈಲುಗಳು, ಸರ್ವರ್ ಓಡುತ್ತಿದೆ ಎಂದು ತೋರಿಸುವ 'ಪೋಸ್ಟ್‌ಮಾಸ್ಟರ್ ಪಿಐಡಿ' ಫೈಲು. ಚೀಲ ತುಂಬುವಾಗ ಕಸದ ಬುಟ್ಟಿ ಯಾಕೆ?

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಡೇಟಾಬೇಸ್ ತಪ್ಪಿ ಅಳಿಸಿಹೋಯಿತು. ದಿನಾ ಆಗಬೇಕಿದ್ದ ಡಂಪ್ ಸದ್ದಿಲ್ಲದೆ ವಿಫಲವಾಗುತ್ತಿತ್ತು, ಯಾರೂ ನೋಡಿರಲಿಲ್ಲ. ಸುಮಾರು ಆರು ಗಂಟೆಗಳ ಡೇಟಾ ಹೋಯಿತು. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮ ಪಾಡೇನು?

ಹಾಗಾಗಿ ಬ್ಯಾಕಪ್ ತೆಗೆದರೆ ಸಾಲದು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು ನೋಡಿ. ಒಂದು ಫೋಟೋ, ಒಂದು ಹೆಸರು, ಒಂದು ಲೆಕ್ಕ ಸರಿಯಾಗಿ ಬಂತೇ? ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನಿಮ್ಮ ಅಮ್ಮಂದಿರ ಕೈಬರಹ ಮನೆಯಲ್ಲಿದ್ದರೆ ಇವತ್ತೇ ಫೋಟೋ ತೆಗೆದು ಎರಡು ಕಡೆ ಇಡಿ.