ಒಂದೇ ನದಿ, ಒಂದೇ ಅಳತೆ



ಮುಂಗಾರು ಕೈಕೊಟ್ಟ ವರ್ಷ ಮಂಡ್ಯದ ರೈತನೂ ತಂಜಾವೂರಿನ ರೈತನೂ ಕೇಳುವ ಪ್ರಶ್ನೆ ಒಂದೇ: ‘ಪೈರಿಗೆ ಕೊನೆಯವರೆಗೂ ನೀರು ಸಿಕ್ಕೀತೇ?’ ಇಬ್ಬರೂ ನೆಚ್ಚಿಕೊಂಡಿರುವುದು ಕಾವೇರಿಯನ್ನು. ಈ ಪ್ರಶ್ನೆಗೆ ವಿಜ್ಞಾನ ಯಾವ ರೀತಿ ನೆರವಾಗಬಲ್ಲದು ಎಂಬುದನ್ನು ಇಂದು ಪರಿಶೀಲಿಸೋಣ.

ತಲಕಾವೇರಿಯಿಂದ ಸಮುದ್ರದವರೆಗೆ ಈ ನದಿಯ ಉದ್ದ ಸುಮಾರು 800 ಕಿಲೋಮೀಟರ್. ಅದರ ಜಲಾನಯನ ಪ್ರದೇಶ ಸುಮಾರು 81,000 ಚದರ ಕಿಲೋಮೀಟರ್. ಕೊಡಗು, ವಯನಾಡುಗಳ ಮೇಲೆ ಸುರಿಯುವುದು ಮುಂಗಾರು ಮಳೆ. ಮುಖಜ ಭೂಮಿಗೆ ಮುಖ್ಯವಾದುದು ಅಕ್ಟೋಬರ್ ನಂತರದ ಹಿಂಗಾರು. ಅದಕ್ಕೂ ಮೊದಲು ಅಲ್ಲಿ ಬೆಳೆಯಿಡುವವರು ಮೇಲಿನಿಂದ ಬರುವ ನೀರನ್ನೇ ಕಾಯಬೇಕು. ಆದ್ದರಿಂದ ಮುಂಗಾರು ಸೋತರೆ ಎರಡೂ ಕಡೆ ಒಮ್ಮೆಗೇ ಕೊರತೆ, ಒಮ್ಮೆಗೇ ಆತಂಕ.

1990ರಲ್ಲಿ ರಚನೆಯಾದ ನ್ಯಾಯಮಂಡಳಿ 2007ರಲ್ಲಿ ಅಂತಿಮ ಐತೀರ್ಪು ನೀಡಿ, ನದಿಯ ಒಟ್ಟು ನೀರು 740 ಟಿ.ಎಂ.ಸಿ. ಎಂದು ಎಣಿಸಿತು. ಆದರೆ ಇದು ಶೇಕಡಾ 50ರಷ್ಟು ಭರವಸೆಯ ಲೆಕ್ಕ ಎಂಬುದನ್ನು ನಾವು ಮರೆಯುತ್ತೇವೆ. ಅಂದರೆ, ಎರಡು ವರ್ಷಗಳಲ್ಲಿ ಒಂದು ವರ್ಷ ಇಷ್ಟು ನೀರು ಬಾರದೆಯೂ ಇರಬಹುದು. ಕೊರತೆ ಆಕಸ್ಮಿಕವಲ್ಲ, ಅದು ಲೆಕ್ಕದೊಳಗೇ ಇದೆ.

2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲನ್ನು 270ರಿಂದ 284.75 ಟಿ.ಎಂ.ಸಿ.ಗೆ ಏರಿಸಿತು. ಇದರಲ್ಲಿ 4.75 ಟಿ.ಎಂ.ಸಿ. ಬೆಂಗಳೂರಿನ ಕುಡಿಯುವ ನೀರಿಗಾಗಿ. ಉಳಿದ 10 ಟಿ.ಎಂ.ಸಿ.ಗೆ ಆಧಾರವಾದುದು ತಮಿಳುನಾಡಿನ ಅಂತರ್ಜಲ. ಬಾವಿಯ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ತತ್ತ್ವ ಇಲ್ಲಿದೆ. ನಮ್ಮ ಕೊಳವೆಬಾವಿಗಳನ್ನೂ ನಾವು ಇದೇ ಕಣ್ಣಿನಿಂದ ನೋಡಬೇಕಾಗುತ್ತದೆ.

ಇನ್ನು ಅಳತೆಯ ಮಾತು. ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಸಾಮಾನ್ಯ ವರ್ಷದಲ್ಲಿ ಅಲ್ಲಿ 177.25 ಟಿ.ಎಂ.ಸಿ. ಹರಿಯಬೇಕು. ಸುದ್ದಿಯಲ್ಲಿ ಕೇಳುವ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ಸುಮಾರು 11,574 ಕ್ಯೂಸೆಕ್ಸ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. 2023ರ ಬರಗಾಲದಲ್ಲಿ 15 ದಿನ 5,000 ಕ್ಯೂಸೆಕ್ಸ್ ಬಿಡಬೇಕೆಂಬ ಆದೇಶ ಬಂದಿತ್ತು. ಗುಣಿಸಿ ನೋಡಿದರೆ ಅದು ಸುಮಾರು ಆರೂವರೆ ಟಿ.ಎಂ.ಸಿ. ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ 49 ಟಿ.ಎಂ.ಸಿ.ಗೆ ತುಸು ಹೆಚ್ಚು. ಈ ನೀರು ಹೆಚ್ಚೋ ಕಡಿಮೆಯೋ ಎಂಬ ತೀರ್ಮಾನಕ್ಕೆ ಜಲಾಶಯದಲ್ಲಿ ಅಂದು ಇರುವ ಸಂಗ್ರಹವೂ, ಹೊಲದಲ್ಲಿ ನಿಂತಿರುವ ಪೈರೂ ತಿಳಿದಿರಬೇಕು.

ಕೊರತೆಯ ವರ್ಷ ಪಾಲುಗಳನ್ನು ಅನುಪಾತದಂತೆ ತಗ್ಗಿಸಬೇಕೆಂದು ಐತೀರ್ಪು ಹೇಳಿದೆ. ಕೊರತೆಯನ್ನು ಹೇಗೆ ಅಳೆಯಬೇಕು, ಯಾವಾಗ ಅಳೆಯಬೇಕು ಎಂಬಲ್ಲಿಯೇ ಜಗಳ. ಮಳೆ, ಒಳಹರಿವು, ಸಂಗ್ರಹ, ಆವಿಯಾಗುವ ನೀರು, ಬೆಳೆಯ ಅಗತ್ಯ ಇವುಗಳ ಸೂತ್ರವನ್ನು ಜೂನ್‌ಗೆ ಮುನ್ನವೇ ಒಪ್ಪಿಕೊಂಡಿದ್ದರೆ, ಆಗಸ್ಟ್‌ನಲ್ಲಿ ರಸ್ತೆಗೆ ಇಳಿಯುವ ಪ್ರಸಂಗ ಕಡಿಮೆಯಾಗುತ್ತದೆ. ರೈತನಿಗೂ ಭತ್ತ ಬಿಟ್ಟು ರಾಗಿಯನ್ನೋ ದ್ವಿದಳ ಧಾನ್ಯವನ್ನೋ ಬಿತ್ತಲು ಕಾಲಾವಕಾಶ ಸಿಗುತ್ತದೆ. ನಾಟಿ ಮುಗಿದ ಮೇಲೆ ತಿಳಿಯುವ ಸತ್ಯದಿಂದ ಅವನಿಗೆ ಪ್ರಯೋಜನವಿಲ್ಲ.

ಯಾರ ಹಸಿವು ದೊಡ್ಡದು ಎಂದು ವಿಜ್ಞಾನ ಹೇಳಲಾರದು. ಇರುವ ನೀರು ಎಷ್ಟು ಎಂಬ ಜಗಳವನ್ನು ಮಾತ್ರ ಅದು ಮುಗಿಸಬಲ್ಲದು. ಅಂಕಿಗಳು ಎರಡೂ ಕಡೆಯವರ ಕಣ್ಣಿಗೆ ಬೀಳುವಂತಿರಬೇಕು, ಅಷ್ಟೆ. 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂಬ ಹೆಸರಿನಲ್ಲಿ ಒಂದೆಡೆ ಕುಳಿತು ಮಾತನಾಡಿದ್ದುಂಟು. ಹಾಗೆ ಎದುರುಬದುರು ಕೂತವರ ನಡುವೆ ಇಬ್ಬರೂ ನಂಬುವ ಒಂದು ಅಳತೆಯ ಪುಸ್ತಕವಿದ್ದರೆ, ಉಳಿದ ಮಾತು ಸುಲಭವಾದೀತು.