ಸವಳು ನೆಲದ ಹತ್ತಿಗೆ ನೀರು



ನೀರು ಬಂದರೆ ಬರ ಹೋಯಿತೆಂಬುದು ಒಕ್ಕಲಿಗನ ಸಹಜವಾದ ನಂಬಿಕೆ. ತುಂಗಭದ್ರೆಯ ಜಲಾಶಯವು 1953ರಲ್ಲಿ ಸಿದ್ಧವಾಗಿ, ಎಡದಂಡೆಯ ಕಾಲುವೆ ರಾಯಚೂರು ಸೀಮೆಯ ಎರೆಭೂಮಿಗೆ ಹರಿಯಿತು. ಹತ್ತಿ, ಜೋಳ ಮೊದಲಾದ ಮಿತನೀರಿನ ಬೆಳೆಗಳಿಗೆಂದು ಯೋಜಿಸಿದ ನೀರನ್ನು ಮೇಲ್ಭಾಗದವರು ಬತ್ತಕ್ಕೆ ಕಟ್ಟಿದರು. ತಗ್ಗಿನ ಹೊಲಗಳಲ್ಲಿ ಅಂತರ್ಜಲ ಮೇಲೇರಿತು. ಆಳದ ಉಪ್ಪು ಅದರೊಡನೆ ಎದ್ದು, ಬಿಸಿಲಿಗೆ ನೀರಾರಿದ ಮೇಲೆ ಬೆಳ್ಳಗೆ ಉಳಿಯಿತು. ಕಾಲುವೆಯ ಕೊನೆಯವರಿಗೋ ನೀರೇ ಸಾಲದಾಯಿತು.

ವಿಚಿತ್ರವೆಂದರೆ, ಮಣ್ಣಿನ ಲವಣವನ್ನು ಅಳೆಯುವ ಡೆಸಿಸೀಮೆನ್ಸ್ ಮಾನದಲ್ಲಿ ಬತ್ತದ ಇಳುವರಿ ಸುಮಾರು 3ಕ್ಕೇ ಕುಗ್ಗತೊಡಗುವುದು, ಹತ್ತಿ 7.7ರವರೆಗೆ ತಾಳುವುದು. ಆದರೆ ಹತ್ತಿಯ ಮೊಳಕೆಗೆ ಆ ಸೈರಣೆಯಿಲ್ಲ. ಆದುದರಿಂದ ಬಿತ್ತುವ ಮುನ್ನವೇ ಸಿಹಿನೀರು ಹಾಯಿಸಿ ಉಪ್ಪನ್ನು ಬೇರಿನ ಕೆಳಕ್ಕೆ ಇಳಿಸತಕ್ಕದ್ದು. ಉಪ್ಪು ಬೋದಿನ ನೆತ್ತಿಯಲ್ಲಿ ಕೂಡುವುದರಿಂದ ಬೀಜವನ್ನು ಪಕ್ಕೆಯಲ್ಲಿ ಊರುವುದು ಲೇಸು.

ಬಸಿಗಾಲುವೆಯಿಲ್ಲದಿದ್ದರೆ ಈ ತೊಳೆಯುವಿಕೆಯೇ ಮುಳುವಾದೀತು. ಇಳಿದ ಉಪ್ಪು ಮತ್ತೆ ಏರುವುದು. ಆ ಕಾಲುವೆಯಾದರೋ ಒಬ್ಬನ ಹೊಲದಲ್ಲಿ ಮುಗಿಯುವಂಥದಲ್ಲ. ಅದು ಕೆಳಗಿನವನ ಹೊಲವನ್ನು ದಾಟಿ ಹಳ್ಳವನ್ನು ಸೇರಬೇಕು. ಅದರ ದಾರಿಯನ್ನು ನೀರು ಹಾಯಿಸುವ ಮೊದಲೇ ಇಬ್ಬರೂ ಕೂಡಿ ಗುರುತು ಹಾಕಿಕೊಳ್ಳತಕ್ಕದ್ದು.