ಮುಂಬಯಿಯ ಮಳೆ, ಧ್ರುವದ ಹಿಮ



ಇವತ್ತಿನ ವಿಷಯ ಧ್ರುವಪ್ರದೇಶದ ಹಿಮ. ಆದರೂ ಮಾತನ್ನು ನಮ್ಮೂರಿನ ಮಳೆಯಿಂದಲೇ ಶುರುಮಾಡುತ್ತೇನೆ. ಆ ಹಿಮವನ್ನು ಓದುವ ವಿದ್ಯೆಯ ಅಕ್ಷರಾಭ್ಯಾಸ ಕೆಲಮಟ್ಟಿಗೆ ನಡೆದದ್ದು ಇಲ್ಲೇ. ಇದು ಇಲ್ಲಿ ಬಾಳಿ ಬದುಕುತ್ತಿರುವ ನಮಗೇ ತಿಳಿಯದೆ ಹೋಗಿದೆಯಲ್ಲ ಎಂಬ ಕೊರಗು ನನ್ನದು.

1950ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಗೇಟ್‌ವೇ ಆಫ್ ಇಂಡಿಯಾ ಬಳಿಯ ಹಳೆಯ ಯಾಚ್ ಕ್ಲಬ್ ಕಟ್ಟಡದಲ್ಲಿತ್ತು. ಅಮೆರಿಕ ಬಿಟ್ಟು ಬಂದಿದ್ದ ಭೌತವಿಜ್ಞಾನಿ ಬರ್ನಾರ್ಡ್ ಪೀಟರ್ಸ್ ಅಲ್ಲಿ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳ ಬೆನ್ನುಹತ್ತಿದ್ದರು. ಈ ಕಿರಣಗಳು ಗಾಳಿಯ ಸಾರಜನಕ, ಆಮ್ಲಜನಕದ ಪರಮಾಣುಗಳಿಗೆ ಬಡಿದು ಅವನ್ನು ಒಡೆಯುತ್ತವೆ. ಆ ಚೂರುಗಳಲ್ಲಿ ಬೆರಿಲಿಯಂ ಒಂದು. ವಿಕಿರಣಶೀಲವಾದ ಅದರ ಎರಡು ಬಗೆಗಳಲ್ಲಿ ಬೆರಿಲಿಯಂ-7 ಐವತ್ತಮೂರು ದಿನಕ್ಕೆ ಅರ್ಧ ಕರಗುತ್ತದೆ. ಬೆರಿಲಿಯಂ-10ಕ್ಕೆ ಅಷ್ಟಾಗಲು ಸುಮಾರು 14 ಲಕ್ಷ ವರ್ಷ ಬೇಕು. ಎರಡೂ ಧೂಳಿನ ಕಣಕ್ಕೆ ಅಂಟಿಕೊಂಡು ಮಳೆಯೊಡನೆ ಇಳಿಯುತ್ತವೆ. ಪೀಟರ್ಸ್ 1955ರಲ್ಲಿ ಇದನ್ನು ಬರೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಮರುವರ್ಷ ಅದೇ ಸಂಸ್ಥೆಯ ದೇವೇಂದ್ರ ಲಾಲ್, ಗೋಯಲ್, ರಾಮ ಮೊದಲಾದ ತರುಣರು ಮಳೆನೀರಿನಲ್ಲಿ ಬೆರಿಲಿಯಂ ಹುಡುಕಿದ ಕಥೆಯನ್ನು ಪ್ರಕಟಿಸಿದರು.

ಹುಡುಕುವುದೇನು ಸುಲಭವೇ? ಬಿಂದಿಗೆಗಟ್ಟಲೆ ನೀರಿನಲ್ಲಿ ಆ ಪರಮಾಣುಗಳು ಎಷ್ಟು ಕಡಿಮೆಯೆಂದರೆ, ಒಂಟಿಯಾಗಿ ಅವು ಯಾವ ರಾಸಾಯನಿಕಕ್ಕೂ ಕೈಗೆ ಸಿಗುವುದಿಲ್ಲ. ಅದಕ್ಕೆ ತೂಕ ಮಾಡಿದ ಸಾಮಾನ್ಯ ಬೆರಿಲಿಯಂ ಬೆರೆಸುತ್ತಾರೆ. ಅಮೋನಿಯಾ ಹಾಕಿದಾಗ ಅದು ಬಿಳಿಯ ಗಸಿಯಾಗಿ ತಳಕ್ಕಿಳಿಯುತ್ತದೆ, ತನ್ನ ವಿಕಿರಣಶೀಲ ಬಂಧುಗಳನ್ನೂ ಕರೆತರುತ್ತದೆ. ಆ ಗಸಿಯನ್ನು ಶುದ್ಧಮಾಡಿ, ಸುತ್ತಲಿನ ಗೋಡೆ ಮಣ್ಣುಗಳ ವಿಕಿರಣ ತಾಗದಂತೆ ದಪ್ಪ ಸೀಸದ ಮರೆಯಲ್ಲಿಟ್ಟು, ಗಂಟೆಗಟ್ಟಲೆ ಕಾದು ಎಣಿಸಬೇಕು. ಹಿಮವನ್ನು ಕರಗಿಸಿ ಅಳೆಯುವವರದೂ ಬಹುಪಾಲು ಇದೇ ಪಾಡು. ಬೆರಿಲಿಯಂ-10ಕ್ಕಾಗಿ 1960ರ ದಶಕದಲ್ಲಿ ಗ್ರೀನ್‌ಲ್ಯಾಂಡಿನ ಮಂಜನ್ನು ಲಕ್ಷಗಟ್ಟಲೆ ಲೀಟರ್ ಕರಗಿಸಿದ್ದರು. ಪರಮಾಣುಗಳನ್ನೇ ನೇರವಾಗಿ ಎಣಿಸುವ ಕಣ-ವೇಗವರ್ಧಕ ಯಂತ್ರಗಳು ಬಂದ ಮೇಲೆ ಕಿಲೋ ಲೆಕ್ಕದ ಮಂಜು ಸಾಕಾಯಿತು.

ಮಳೆ ಹರಿದುಹೋಗುತ್ತದೆ, ಹಿಮ ಉಳಿಯುತ್ತದೆ. ವ್ಯತ್ಯಾಸ ಇಷ್ಟೇ. ಅಂಟಾರ್ಕ್ಟಿಕಾದಲ್ಲಿ ಈ ವರ್ಷದ ಹಿಮ ಹೋದ ವರ್ಷದ ಹಿಮದ ಮೇಲೆ ಕೂರುತ್ತದೆ. ಅದರಲ್ಲಿ ನೆಲದಿಂದೆದ್ದದ್ದೂ ಇರುತ್ತದೆ. ಮಣ್ಣಿನ ಯುರೇನಿಯಂನಿಂದ ಹುಟ್ಟುವ ರೇಡಾನ್ ಅನಿಲ ಗಾಳಿಗೆ ಸೇರಿ, ಮುಂದೆ ಸೀಸ-210 ಆಗಿ ಬೀಳುತ್ತದೆ. ಅದು ಸುಮಾರು 22 ವರ್ಷಕ್ಕೆ ಅರ್ಧ ಕರಗುತ್ತದೆ. ಮೇಲ್ಪದರದಲ್ಲಿ ಎಂಟು ಪಾಲಿದ್ದರೆ, 22 ವರ್ಷ ಹಳೆಯ ಪದರದಲ್ಲಿ ನಾಲ್ಕು, 44 ವರ್ಷದ್ದರಲ್ಲಿ ಎರಡು. ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1963ರಲ್ಲಿ ಹಿಮದ ವಯಸ್ಸು ಅಳೆಯುವ ಈ ದಾರಿ ತೋರಿದರು. ಈ ಲೆಕ್ಕ ಸರಿಯಾಗಬೇಕಾದರೆ ಸೀಸ ವರ್ಷವರ್ಷವೂ ಒಂದೇ ಸಮನಾಗಿ ಬೀಳಬೇಕು. ಗಾಳಿಯಿಂದ ನೆಲಕ್ಕೆ ಏನು, ಎಷ್ಟು ಬೇಗ ಇಳಿಯುತ್ತದೆ ಎಂಬ ಪ್ರಶ್ನೆಯನ್ನು ಮೊದಲು ಬಗೆಹರಿಸದೆ ಹಿಮದ ಅಂಕಿಗೆ ಅರ್ಥವಿಲ್ಲ. ಲಾಲ್, ರಾಮ, ಜುತ್ಷಿ 1960ರಲ್ಲಿ ಬೆರಿಲಿಯಂ-7, ರಂಜಕ-32, ಗಂಧಕ-35 ಮೂರನ್ನೂ ಒಟ್ಟಿಗೆ ನೋಡಿ ಕೈಹಾಕಿದ್ದು ಈ ಪ್ರಶ್ನೆಗೇ. ಅದೇ ವರ್ಷ ಲಾಲ್, ಗೋಲ್ಡ್‌ಬರ್ಗ್ ಜೊತೆಗೂಡಿ ಕಡಲಿನ ಸ್ಪಂಜುಗಳಲ್ಲಿ ಇಂಥದೇ ವಿಕಿರಣಶೀಲ ಸಿಲಿಕಾನ್-32 ಪತ್ತೆಮಾಡಿದರು. ಮುಂದೆ ಡೆನ್ಮಾರ್ಕಿನವರು ಅದನ್ನೂ ಮಂಜಿನ ವಯಸ್ಸು ಹೇಳಲು ಬಳಸಿದರು.

ಬೆರಿಲಿಯಂ-10 ಸೂರ್ಯನ ಕಥೆಯನ್ನೂ ಹೇಳುತ್ತದೆ. ಸೂರ್ಯ ಚುರುಕಾಗಿದ್ದರೆ ಅವನ ಕಾಂತಕ್ಷೇತ್ರ ವಿಶ್ವಕಿರಣಗಳನ್ನು ತಡೆಯುತ್ತದೆ, ಬೆರಿಲಿಯಂ ಕಡಿಮೆಯಾಗುತ್ತದೆ. ಆದರೆ ಕ್ರಿ.ಶ. 774ರ ಸುಮಾರಿಗೆ ಅದು ಥಟ್ಟನೆ ಏರಿದ್ದು ಎರಡೂ ಧ್ರುವಗಳ ಮಂಜಿನಲ್ಲಿ ಕಾಣುತ್ತದೆ. ಸೂರ್ಯನೇ ಉಗುಳಿದ ಕಣಗಳ ಬಿರುಗಾಳಿ ಅದೆಂದು ಬಹುತೇಕರ ಅಭಿಪ್ರಾಯ. ಆಗ ರಾಷ್ಟ್ರಕೂಟರು ಆಳುತ್ತಿದ್ದರು. ಎಲ್ಲೋರದ ಕೈಲಾಸ ಆ ಕಾಲದ ಕೆಲಸ. ನಮ್ಮ ಯಾವ ಶಾಸನದಲ್ಲೂ ನಾನು ಕಾಣದ ಆ ಘಟನೆ ಮಂಜಿನಲ್ಲಿ ಉಳಿದಿದೆ ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಿಮದಲ್ಲಿ ಕಲಿತದ್ದು ಊರಿಗೂ ಮರಳಿತು. 1971ರಲ್ಲಿ ಕೃಷ್ಣಸ್ವಾಮಿ, ಲಾಲ್ ಮತ್ತು ಫ್ರಾನ್ಸಿನ ಇಬ್ಬರು ಸೇರಿ ಇದೇ ಸೀಸ-210ರಿಂದ ಕೆರೆಗಳ ಕೆಸರಿನ ವಯಸ್ಸು ಅಳೆದರು. ಎರಡು ಸರೋವರ ಯುರೋಪಿನವು. ಮೂರನೆಯದು ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನ ತಾನ್ಸಾ. 1892ರಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ, ನಮ್ಮ ನಲ್ಲಿಗೆ ಬರುವ ನೀರಿನ ತಳದಲ್ಲಿ, ಪ್ರತಿ ಮಳೆಗಾಲವೂ ತನ್ನ ಸೀಸವನ್ನು ಪದರ ಪದರವಾಗಿ ಇಟ್ಟುಹೋಗಿತ್ತು.